ಅಂಕಿತವೂ ಅಂತರ್ಜಾಲವೂ

 

ಅಂಕಿತವನ್ನು ಕುರಿತು ನಾಲ್ಕು ಮಾತನಾಡಬೇಕೆಂದು ಸನ್ನಿಧಿಯ ಅಪ್ಪಣೆಯಾಗಿರುವುದು. ಈಚೆಗೆ ಭಕ್ತರನೇಕರು ಮಠಕ್ಕೆ ಬಂದಾಗ ಮೊಬೈಲನ್ನು ಮುಂದೆ ಹಿಡಿದು, “ಶಾಸ್ತ್ರಿಗಳೇ, ಇದು ಅಪ್ಪ ಬಸವಣ್ಣನವರದೇ ಏನ್ರಿ?” ಎಂದು ಕೇಳುವುದುಂಟು. ಕೊನೆಯಲ್ಲಿ ಕೂಡಲಸಂಗಮದೇವನ ಹೆಸರಿರುವುದು. ಮಾತಿನ ಧಾಟಿ ಮಾತ್ರ ನಿನ್ನೆ ಮೊನ್ನೆಯದು. ಬರೆದವರಾರು? ತಿಳಿಯದು. ಕಳುಹಿಸಿದವರು ಮಾತ್ರ ಸಾವಿರಾರು ಮಂದಿ.

ಎಲ್ಲರೂ ಮಾತನಾಡುವ ಕಾಲವು ನಮ್ಮ ಈ ನೆಲಕ್ಕೆ ಹೊಸದಲ್ಲ. 12ನೆಯ ಶತಮಾನದ ಕಲ್ಯಾಣದಲ್ಲಿ ದೋಣಿ ನಡೆಸುವವನೂ, ಬಟ್ಟೆ ಒಗೆಯುವವನೂ, ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ಮಾಡುವ ದಂಪತಿಗಳೂ ವಚನಕಾರರಾದರು. ಅವರ ಮಾತುಗಳು ಒಂದರೊಳಗೊಂದು ಕಲಸಿಹೋಗದಂತೆ ಕಾಪಾಡಿದುದು ಅಂಕಿತವೇ. ಆಯ್ದಕ್ಕಿ ಲಕ್ಕಮ್ಮನನ್ನು ನೋಡಿರಿ. ಗಂಡನು ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಆಕೆ ಅವನ ಆಸೆಯನ್ನು ನೇರವಾಗಿ ಖಂಡಿಸಿದಳು. ಆದರೆ ಆಕೆಯ ಅಂಕಿತವು ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಯಾರನ್ನು ತಿದ್ದುತ್ತಿರುವಳೋ ಅವನ ಹೆಸರೇ ಆಕೆಯ ಮುದ್ರೆಯಲ್ಲಿರುವುದು! ಸೂಳೆ ಸಂಕವ್ವೆಯದು ನಮಗೆ ದೊರೆತಿರುವುದು ಒಂದೇ ವಚನ. ಲೋಕವು ನಾಚಿಕೆಯಿಲ್ಲದವಳೆಂದು ಕರೆದ ಆ ತಾಯಿ ತನ್ನ ದೈವವನ್ನು ‘ನಿರ್ಲಜ್ಜೇಶ್ವರ’ ಎಂದು ಕರೆದಳು. ಅಂಬಿಗರ ಚೌಡಯ್ಯನಾದರೋ ದೈವದ ಹೆಸರಿನ ಗೊಡವೆಗೇ ಹೋಗದೆ ತನ್ನ ಹೆಸರನ್ನೇ ಅಂಕಿತವಾಗಿ ನಿಲ್ಲಿಸಿದನು. ಪಂಡಿತರು ಇದಕ್ಕೆ ಏನೇನೋ ಕಾರಣ ಹೇಳುವರು. ನನಗೆ ತೋರುವಂತೆ ಅದು ಆತನ ಕಡುನಿಷ್ಠುರಕ್ಕೆ ತಕ್ಕುದೇ ಆಗಿದೆ.

ಅಂತರ್ಜಾಲದಲ್ಲಿ ಬರೆಯುವವರೂ ನಿಜನಾಮವನ್ನು ಬಿಟ್ಟು ಬೇರೆ ಹೆಸರನ್ನು ಧರಿಸುವರಲ್ಲವೇ, ಇದೂ ಅಂಕಿತವೇ ತಾನೇ ಎಂದು ಒಬ್ಬ ತರುಣನು ಕೇಳಿದನು. ಪ್ರಶ್ನೆಯು ಚೆನ್ನಾಗಿದೆ. ಶರಣರು ‘ನಾನು’ ಎಂಬುದನ್ನು ಹಿಂದಕ್ಕೆ ಸರಿಸಿದರು, ಹೊಣೆಯನ್ನು ಸರಿಸಲಿಲ್ಲ. ಆಡಿದ ಮಾತಿಗೆ ಆ ದೈವದೆದುರು ಉತ್ತರ ಹೇಳಬೇಕಾಗಿದ್ದಿತು. ಬೈದು ಓಡಿಹೋಗಲು ಧರಿಸಿದ ಹೆಸರು ಮುಸುಕೇ ಹೊರತು ಅಂಕಿತವಲ್ಲ. ಆದರೆ ಹಳ್ಳಿಯ ಬಡವಳೊಬ್ಬಳು ಭಯದಿಂದ ಹೆಸರು ಮರೆಮಾಡಿ ತನ್ನ ನೋವನ್ನು ಬರೆದರೆ ಆಕೆಯನ್ನು ನಾನು ಆ ಸಾಲಿಗೆ ಸೇರಿಸಲಾರೆನು. ಅಂಕಿತದ ಹೊರತು ಬೇರಾವ ಗುರುತೂ ಉಳಿಯದ ಅಜ್ಞಾತ ವಚನಕಾರರು ನಮ್ಮಲ್ಲಿಯೂ ಇರುವರು.

15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯನವರು ಶೂನ್ಯಸಂಪಾದನೆಯನ್ನು ಕಟ್ಟಿದರು. ಬಿಡಿಬಿಡಿಯಾಗಿದ್ದ ವಚನಗಳನ್ನು ಸಂವಾದವಾಗಿ ಹೊಂದಿಸಿ, ನಡುವೆ ತಮ್ಮ ಗದ್ಯವನ್ನು ಹೆಣೆದರು. ಗೂಳೂರ ಸಿದ್ಧವೀರಣೊಡೆಯರೇ ಮೊದಲಾದವರು ಅದನ್ನು ಮತ್ತೆ ಬೆಳೆಸಿದರು. ಹಲವರು ಕೈಯಿಟ್ಟ ಗ್ರಂಥವಾದರೂ ಅಲ್ಲಮನ ಮಾತು ಗುಹೇಶ್ವರನ ಹೆಸರಿನಲ್ಲಿಯೇ, ಅಕ್ಕನ ಮಾತು ಚೆನ್ನಮಲ್ಲಿಕಾರ್ಜುನನ ಹೆಸರಿನಲ್ಲಿಯೇ ನಿಂತಿರುವುದು. ಕೂಡಿ ಬರೆಯುವ ರೀತಿಯನ್ನು ಕಲಿಯಬೇಕಾದರೆ ಇಲ್ಲಿ ಕಲಿಯಬೇಕು.

ಫ. ಗು. ಹಳಕಟ್ಟಿಯವರು ಓಲೆಗರಿಗಳನ್ನು ಅರಸುತ್ತ ಮನೆಮನೆ ಅಲೆದು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. 1993ರಲ್ಲಿ ಸರ್ಕಾರವು ಸಮಗ್ರ ವಚನ ಸಂಪುಟವನ್ನು 15 ಸಂಪುಟಗಳಲ್ಲಿ ಹೊರತಂದಿತು. ಬಳಿಕ ಸ್ವಯಂಸೇವಕರಾದ ತರುಣರು ‘ವಚನ ಸಂಚಯ’ವೆಂಬ ಹೆಸರಿನಿಂದ 20 ಸಾವಿರಕ್ಕೂ ಮಿಕ್ಕ ವಚನಗಳನ್ನು ಅಂತರ್ಜಾಲದಲ್ಲಿ ಹುಡುಕಿ ನೋಡುವಂತೆ ಮಾಡಿರುವರು. ಸುಳ್ಳು ವಚನವು ಹರಡುವ ಹಾದಿಯಲ್ಲಿಯೇ ನಿಜವಾದುದನ್ನು ಪರೀಕ್ಷಿಸುವ ಉಪಾಯವೂ ದೊರೆತಂತಾಯಿತು.

ಅಂಕಿತದ ವಿಷಯವು ಎಷ್ಟು ಸೂಕ್ಷ್ಮವೆಂಬುದನ್ನು ‘ವಚನ ದೀಪ್ತಿ’ಯ ಪ್ರಕರಣದಲ್ಲಿ ನಾವೆಲ್ಲರೂ ಕಂಡಿದ್ದೇವೆ. ಮಾತೆ ಮಹಾದೇವಿಯವರು ಆ ಗ್ರಂಥದಲ್ಲಿ ಕೂಡಲಸಂಗಮದೇವನ ಸ್ಥಾನದಲ್ಲಿ ‘ಲಿಂಗದೇವ’ ಎಂದು ಮಾಡಿದರು. 1998ರಲ್ಲಿ ಸರ್ಕಾರವು ಅದನ್ನು ಮುಟ್ಟುಗೋಲು ಹಾಕಿತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ಎತ್ತಿಹಿಡಿಯಿತು. ಅವರು ಮಾಡಿದುದು ಬಹಿರಂಗವಾಗಿ, ತಮ್ಮ ಹೆಸರಿನಲ್ಲಿ. ಇಂದು ಮೊಬೈಲಿನಲ್ಲಿ ನಡೆಯುತ್ತಿರುವ ತಿದ್ದುಪಾಟಿಗೆ ತಿದ್ದಿದವರೂ ಇಲ್ಲ, ವ್ಯಾಜ್ಯ ಹೂಡಲು ಪ್ರತಿವಾದಿಯೂ ಇಲ್ಲ.

ನಿಮ್ಮ ಮಕ್ಕಳು ಹೊಸ ವಚನ ಬರೆಯಲಿ, ಬೇಡವೆನ್ನಬೇಡಿರಿ. ತಮ್ಮದೇ ಒಂದು ಅಂಕಿತವನ್ನು ಇಟ್ಟುಕೊಳ್ಳಲಿ. ಬಸವಣ್ಣನವರ ಅಂಕಿತವಿರುವ ಹೊಸ ಸಾಲು ಬಂದರೆ ಮುಂದಕ್ಕೆ ಕಳುಹಿಸುವ ಮೊದಲು ಸಂಪುಟದಲ್ಲಿ ನೋಡಿರಿ. ಸಂಪುಟವಿಲ್ಲದವರು ಇಲ್ಲಿಗೆ ಬನ್ನಿರಿ. ಪಾಠಶಾಲೆಯ ವಿದ್ಯಾರ್ಥಿಗಳು ಹುಡುಕಿ ತೋರಿಸುವರು.