ಬೀಗದ ಆಚೆಗೆ ಒಂದು ದಾರಿ
(ಚಿಂತಾಮಣಿಯಲ್ಲಿ ನಡೆದ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳು)



ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟದಿಂದಲೂ ಬಂದಿದ್ದೀರಿ. ಹುಳುವಿಗೆ ಸೊಪ್ಪು ಹಾಕಿ, ಮನೆಕೆಲಸ ಮುಗಿಸಿ ಬಸ್ಸು ಹಿಡಿದವರು ನೀವು. ಅದಕ್ಕೇ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಕಳೆದ ಸಭೆ ಮುಗಿದ ಮೇಲೆ ಒಬ್ಬ ತಾಯಿ ನನ್ನ ಕೈ ಹಿಡಿದುಕೊಂಡರು. "ವರದಕ್ಷಿಣೆ ಬಾಕಿ ಅಂತ ಮಗಳನ್ನು ಕೋಣೆಯಲ್ಲಿ ಕೂಡಿಹಾಕಿದ್ದಾರೆ. ಅವಳೇ ಬಂದು ದೂರು ಕೊಡಬೇಕಂತೆ. ಬೀಗ ಹಾಕಿದ್ರೆ ಹೇಗಮ್ಮ ಬರ್ತಾಳೆ?" ಎಂದರು.

ಅವಳೇ ಬರಬೇಕಾಗಿಲ್ಲ. ಇದಕ್ಕೆ ಹೇಬಿಯಸ್ ಕಾರ್ಪಸ್ ಎಂಬ ಅರ್ಜಿ ಇದೆ. ಹೆಸರು ಕೇಳಿ ಹೆದರಬೇಡಿ. "ನೀನು ಹಿಡಿದಿಟ್ಟವರನ್ನು ನನ್ನೆದುರು ತಂದು ನಿಲ್ಲಿಸು, ಯಾವ ಕಾನೂನಿನಂತೆ ಹಿಡಿದಿಟ್ಟೆ ಹೇಳು" ಎಂದು ನ್ಯಾಯಾಲಯ ಕೇಳುವುದೇ ಇದರ ಅರ್ಥ. ಪೊಲೀಸರನ್ನೂ ಕೇಳಬಹುದು, ಗಂಡನ ಮನೆಯವರನ್ನೂ ಕೇಳಬಹುದು. ಸಂವಿಧಾನದ 226ನೇ ವಿಧಿಯಂತೆ ಹೈಕೋರ್ಟಿಗೆ, 32ನೇ ವಿಧಿಯಂತೆ ಸುಪ್ರೀಂ ಕೋರ್ಟಿಗೆ ತಾಯಿಯಾಗಲಿ ಗೆಳತಿಯಾಗಲಿ ಅರ್ಜಿ ಹಾಕಬಹುದು.

ತಿಹಾರ್ ಜೈಲಿನ ಕೈದಿ ಸುನಿಲ್ ಬಾತ್ರಾ, ಇನ್ನೊಬ್ಬ ಕೈದಿಗೆ ಕೊಟ್ಟ ಚಿತ್ರಹಿಂಸೆಯನ್ನು ಕಾಗದದಲ್ಲಿ ಬರೆದು ಸುಪ್ರೀಂ ಕೋರ್ಟಿನ ನ್ಯಾಯಾಧೀಶರಿಗೆ ಕಳಿಸಿದ. ಕೋರ್ಟು ಆ ಕಾಗದವನ್ನೇ ಅರ್ಜಿಯೆಂದು ತೆಗೆದುಕೊಂಡಿತು. ಶಿಕ್ಷೆಯಾದ ಕೈದಿಗೂ ಹಕ್ಕುಗಳಿವೆ ಎಂದು 1979ರಲ್ಲಿ ತೀರ್ಪು ಕೊಟ್ಟಿತು.

ಈ ದಾರಿಯನ್ನೂ ಒಮ್ಮೆ ಮುಚ್ಚಿದ್ದರು. ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರು ಜೈಲಿನಲ್ಲಿದ್ದ ಎಲ್.ಕೆ. ಅಡ್ವಾಣಿ, ಮಧು ದಂಡವತೆ ಮೊದಲಾದವರು ನಮ್ಮ ಹೈಕೋರ್ಟಿಗೆ ಹೋಗಿದ್ದರು. ಆದರೆ 1976ರ ಏಪ್ರಿಲ್ 28ರಂದು, ಇಂಥ ಅರ್ಜಿ ಈಗ ನಡೆಯದು ಎಂದು ಸುಪ್ರೀಂ ಕೋರ್ಟ್ ಹೇಳಿಬಿಟ್ಟಿತು. ಐವರು ನ್ಯಾಯಾಧೀಶರಲ್ಲಿ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಅದೇ ವರ್ಷ ಬೆಂಗಳೂರಿನ ಜೈಲು ಸೇರಿದ ಕಲಾವಿದೆ ಸ್ನೇಹಲತಾ ರೆಡ್ಡಿ ಕಾಯಿಲೆಯಲ್ಲೇ ಹೊರಬಂದು, 1977ರ ಜನವರಿಯಲ್ಲಿ ತೀರಿಕೊಂಡರು. ಆ ತೀರ್ಪು ರದ್ದಾಗಿದ್ದು 2017ರಲ್ಲಿ, ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಪ್ರಕರಣದಲ್ಲಿ.

ಎರಡು ಎಚ್ಚರದ ಮಾತು. ನ್ಯಾಯಾಲಯದ ಸರಿಯಾದ ಆದೇಶದ ಮೇಲೆ ಜೈಲಿನಲ್ಲಿದ್ದರೆ ಸಾಮಾನ್ಯವಾಗಿ ಜಾಮೀನು, ಅಪೀಲಿನ ದಾರಿಯೇ ಹಿಡಿಯಬೇಕು. ಇನ್ನೊಂದು, ಮೆಚ್ಚಿ ಮದುವೆಯಾದ ಮಗಳನ್ನು ಎಳೆದುತರಲು ತಂದೆತಾಯಂದಿರೂ ಇದೇ ಅರ್ಜಿ ಹಾಕುವುದುಂಟು. ಕೇರಳದ ಹಾದಿಯಾ ಪ್ರಕರಣ ಶುರುವಾಗಿದ್ದೂ ಇಂಥ ಅರ್ಜಿಯಿಂದಲೇ. ವಯಸ್ಸಿಗೆ ಬಂದ ಹೆಣ್ಣಿನ ಇಷ್ಟವೇ ಮುಖ್ಯ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬೀಗ ಗಂಡನ ಮನೆಯದಾದರೇನು, ತವರಿನದಾದರೇನು?

ದುಡ್ಡಿಲ್ಲ ಎನ್ನಬೇಡಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಸಮಿತಿಯಿಂದ ವಕೀಲರು ಉಚಿತ. 15100 ಎಂಬ ಸಂಖ್ಯೆಯನ್ನು ಸಂಘದ ಪುಸ್ತಕದಲ್ಲಿ ಬರೆದಿಡಿ. ಕೂಡಿಹಾಕಿದವರನ್ನು ಹುಡುಕಿ ಕರೆತರಲು ಮ್ಯಾಜಿಸ್ಟ್ರೇಟರೂ ವಾರಂಟ್ ಕೊಡಬಹುದು.

ನಾಳೆ ಬೆಳಿಗ್ಗೆ ಆ ತಾಯಿಯ ಜೊತೆ ನಾನು ಕೋರ್ಟಿಗೆ ಹೋಗುತ್ತಿದ್ದೇನೆ. ನಿಮ್ಮಲ್ಲಿ ಯಾರು ಬರುತ್ತೀರಿ?