ಅರ್ಜಿಯ ಜೊತೆ ನಿಮ್ಮ ಕನ್ನಡವನ್ನೂ ಕಳಿಸಿ

(ಉದ್ಯೋಗ ಹುಡುಕುತ್ತಿರುವ ಕನ್ನಡ ಯುವಜನರ ಮುಂದೆ ಮಾಡಿದ ಭಾಷಣ)



ಸರೋಜಿನಿ ಮಹಿಷಿ ಸಮಿತಿ 1986ರಲ್ಲಿ ಅಂತಿಮ ವರದಿ ಕೊಟ್ಟಿತು. 58 ಶಿಫಾರಸುಗಳು! ಈ ನೆಲದ ಉದ್ಯೋಗ ಕನ್ನಡಿಗರಿಗೆ ಸಿಗಬೇಕು ಎಂಬುದೇ ಅದರ ತಿರುಳು. 2024ರ ಜುಲೈನಲ್ಲಿ ಖಾಸಗಿ ಉದ್ಯಮಗಳ ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದ ಹುದ್ದೆಗಳಲ್ಲಿ ಶೇ. 70 ಸ್ಥಳೀಯರಿಗೆ ಎಂಬ ಮಸೂದೆಗೆ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ಉದ್ಯಮಿಗಳು ಗುಡುಗಿದರು, ಸರ್ಕಾರ ಅದೇ ವಾರ ಅದನ್ನು ತಡೆಹಿಡಿಯಿತು. ಆ ಹೋರಾಟವನ್ನು ನಾವು ಬೀದಿಯಲ್ಲಿ ಮಾಡೋಣ. ಆದರೆ ಇನ್ನೊಂದು ಹೋರಾಟ ನಿಮ್ಮ ಮನೆಯ ಮೇಜಿನ ಮೇಲೆಯೇ ನಡೆಯಬೇಕು. ಅದೇ, ಅರ್ಜಿಯ ಜೊತೆ ಇಡುವ ಒಂದು ಪುಟದ ಪತ್ರ.

ಆ ಪತ್ರವನ್ನು ನಮ್ಮ ಹುಡುಗರು ಹೇಗೆ ಬರೆಯುತ್ತಾರೆ? ಬರೆಯುವುದೇ ಇಲ್ಲ! ಜೆರಾಕ್ಸ್ ಅಂಗಡಿಯಲ್ಲಿ ಯಾರೋ ಎಂದೋ ಟೈಪ್ ಮಾಡಿಟ್ಟ ಇಂಗ್ಲಿಷ್ ಪತ್ರಕ್ಕೆ ತಮ್ಮ ಹೆಸರು ಸೇರಿಸಿ ಕಳಿಸುತ್ತಾರೆ. ಸಂದರ್ಶನದಲ್ಲಿ ಅದರ ಒಂದು ಪದದ ಅರ್ಥ ಕೇಳಿದರೆ ತಲೆ ತಗ್ಗಿಸುತ್ತಾರೆ. ಇನ್ನು ಕೆಲವರು 'ನಾನು ಬಡವ, ಕೆಲಸ ಕೊಟ್ಟು ಕಾಪಾಡಿ' ಎಂದು ಬೇಡುತ್ತಾರೆ. ಉದ್ಯೋಗ ಭಿಕ್ಷೆಯಲ್ಲ, ಮಿತ್ರರೇ!

ಪತ್ರವನ್ನು ಮೊದಲು ಕನ್ನಡದಲ್ಲೇ ಬರೆಯಿರಿ. ಯೋಚನೆ ನಿಮ್ಮದಾಗಲಿ. ನಾಲ್ಕು ಸಂಗತಿ ಸಾಕು.

ಒಂದು, ಯಾವ ಹುದ್ದೆ, ಯಾವ ದಿನದ ಪ್ರಕಟಣೆ ಎಂಬುದು. ಮೊದಲ ಸಾಲಿನಲ್ಲೇ ಇರಲಿ.

ಎರಡು, ಅವರು ಕೇಳಿದ ಕೆಲಸಕ್ಕೂ ನೀವು ಮಾಡಿದ ಕೆಲಸಕ್ಕೂ ಇರುವ ನಂಟು. 'ನನಗೆ ಅನುಭವವಿದೆ' ಎಂದರೆ ಏನೂ ಹೇಳಿದಂತಾಗಲಿಲ್ಲ. 'ಐಟಿಐ ಟರ್ನರ್ ಮುಗಿಸಿ ಪೀಣ್ಯದ ಕಾರ್ಖಾನೆಯೊಂದರಲ್ಲಿ 8 ತಿಂಗಳು ಲೇತ್ ಮೇಲೆ ಕೆಲಸ ಮಾಡಿದ್ದೇನೆ. ನಕ್ಷೆ ಓದಬಲ್ಲೆ, ಮೈಕ್ರೋಮೀಟರ್‌ನಲ್ಲಿ ಅಳತೆ ತೆಗೆಯಬಲ್ಲೆ' ಎಂದು ಬರೆಯಿರಿ. ಮಾಡದ್ದನ್ನು ಬರೆಯಬೇಡಿ; ಮಾಡಿದ್ದನ್ನು ಮುಚ್ಚಿಡಬೇಡಿ.

ಮೂರು, ನಿಮ್ಮ ಕನ್ನಡ. ಇದನ್ನು ನಮ್ಮವರು ಬರೆಯುವುದೇ ಇಲ್ಲ! ಬ್ಯಾಂಕಿನ ಶಾಖೆಗೆ, ಅಂಗಡಿಗೆ, ಆಸ್ಪತ್ರೆಗೆ ಬರುವ ಜನ ಯಾವ ಭಾಷೆಯವರು? 'ಕನ್ನಡ ಓದಿ, ಬರೆದು, ಕಂಪ್ಯೂಟರಿನಲ್ಲಿ ಟೈಪ್ ಮಾಡಬಲ್ಲೆ; ಹಳ್ಳಿಯಿಂದ ಬಂದ ರೋಗಿಯ ಮನೆಯವರಿಗೆ ಬಿಲ್ಲಿನ ಲೆಕ್ಕವನ್ನು ಅವರ ಮಾತಿನಲ್ಲೇ ತಿಳಿಸಬಲ್ಲೆ' ಎಂದು ಬರೆಯಿರಿ. ಇದು ಅಭಿಮಾನದ ಮಾತಷ್ಟೇ ಅಲ್ಲ, ಅರ್ಹತೆ.

ನಾಲ್ಕು, ಯಾವಾಗ ಕೆಲಸಕ್ಕೆ ಸೇರಬಲ್ಲಿರಿ, ಫೋನ್ ನಂಬರು, ಲಗತ್ತಿಸಿದ ಕಾಗದಗಳ ಪಟ್ಟಿ. ಕೊನೆಗೆ ಸಹಿ.

ಇಂಗ್ಲಿಷಿನಲ್ಲೇ ಬೇಕು ಎನ್ನುವ ಕಂಪನಿಗೆ ಈ ಕನ್ನಡ ಪತ್ರವನ್ನೇ ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಇಂಗ್ಲಿಷಿಗೆ ತನ್ನಿ. ತಿಳಿದವರಿಗೆ ತೋರಿಸಿ ತಪ್ಪು ತಿದ್ದಿಸಿಕೊಳ್ಳಿ. ಅರ್ಥ ಹೇಳಲಾಗದ ಒಂದು ಪದವೂ ಅದರಲ್ಲಿ ಇರಬಾರದು.

ಸರ್ಕಾರಿ ಹುದ್ದೆಯ ದಾರಿ ಬೇರೆ. ಅಲ್ಲಿ ಪತ್ರಕ್ಕಿಂತ ನಮೂನೆಯೇ ಮುಖ್ಯ. 1ರಿಂದ 10ನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ರಾಜ್ಯ ಸರ್ಕಾರದ ನೇರ ನೇಮಕಾತಿಯಲ್ಲಿ ಶೇ. 5 ಮೀಸಲಾತಿ ಇದೆ. ಆ ಅಂಕಣವನ್ನು ಖಾಲಿ ಬಿಡಬೇಡಿ. ಶಾಲೆಯಿಂದ ನಿಗದಿತ ಪ್ರಮಾಣಪತ್ರವನ್ನು ಮೊದಲೇ ಪಡೆದಿಟ್ಟುಕೊಳ್ಳಿ. ಹಕ್ಕು ಇದ್ದೂ ಕೇಳದವನಿಗೆ ಯಾರು ಕೊಡುತ್ತಾರೆ?

ಕೊನೆಯ ಮಾತು. ಕಳಿಸಿದ ಪ್ರತಿ ಪತ್ರದ ನಕಲನ್ನು ತಾರೀಖಿನ ಸಮೇತ ಇಟ್ಟುಕೊಳ್ಳಿ. 'ಅರ್ಹ ಕನ್ನಡಿಗರು ಸಿಗುವುದಿಲ್ಲ' ಎನ್ನುವುದು ಮಾಲೀಕರ ಹಳೆಯ ರಾಗ. ನಾಳೆ ನಾವು ಅವರ ಬಾಗಿಲಿಗೆ ಹೋದಾಗ ಬರಿಗೈಯಲ್ಲಿ ಘೋಷಣೆ ಕೂಗುವುದು ಬೇಡ. 'ಇಗೋ, ಅರ್ಹತೆ ಬರೆದು ಕಳಿಸಿದ ನೂರು ಕನ್ನಡಿಗರ ಪತ್ರಗಳು, ಏನು ಮಾಡಿದಿರಿ?' ಎಂದು ಕೇಳೋಣ.

ಇಂದು ರಾತ್ರಿಯೇ ಕುಳಿತು ಬರೆಯಿರಿ. ಕನ್ನಡಕ್ಕೆ ಜಯವಾಗಲಿ!