ಮಗುವಿನ ತೂಕ, ಡ್ರಿಪ್ಪಿನ ಲೆಕ್ಕ



ಬಾಯಿಯಿಂದ ಏನನ್ನೂ ಸೇವಿಸಲಾಗದ ಮಗುವಿಗೆ ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ನೀರು, ಲವಣ, ಗ್ಲೂಕೋಸ್‌ಗಳನ್ನು ಕೊಡುತ್ತಾರೆ. ನಾವು ‘ಡ್ರಿಪ್’ ಎನ್ನುವುದು ಇದನ್ನೇ. ದಿನಕ್ಕೆ ಎಷ್ಟು ಕೊಡಬೇಕು? 1957ರಲ್ಲಿ ಅಮೆರಿಕದ ವೈದ್ಯರಾದ ಮಾಲ್ಕಮ್ ಹಾಲಿಡೇ ಮತ್ತು ವಿಲಿಯಂ ಸೀಗರ್ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ. ತೂಕದ ಮೊದಲ 10 ಕಿಲೋಗೆ, ಕಿಲೋ ಒಂದಕ್ಕೆ 100 ಮಿಲಿಲೀಟರ್. ಮುಂದಿನ 10 ಕಿಲೋಗೆ ತಲಾ 50. ಆಮೇಲಿನ ಪ್ರತಿ ಕಿಲೋಗೆ 20.

23 ಕಿಲೋ ತೂಗುವ ಮಗುವನ್ನು ತೆಗೆದುಕೊಳ್ಳಿ. 1000, 500, 60: ಒಟ್ಟು 1560 ಮಿಲಿಲೀಟರ್. 24ರಿಂದ ಭಾಗಿಸಿದರೆ ಗಂಟೆಗೆ 65. ಮಕ್ಕಳಿಗೆ ಬಳಸುವ ಸಣ್ಣ ಹನಿಯ ಡ್ರಿಪ್ ಸೆಟ್ಟಿನಲ್ಲಿ 60 ಹನಿಗೆ ಒಂದು ಮಿಲಿಲೀಟರ್. ಆದ್ದರಿಂದ ನಿಮಿಷಕ್ಕೂ 65 ಹನಿ! ದಾದಿಯರು ಗಡಿಯಾರ ನೋಡುತ್ತ ಹನಿ ಎಣಿಸುವುದರ ಗುಟ್ಟು ಇದು.

ತೂಕ ಹೆಚ್ಚಿದಂತೆ ಕಿಲೋವಾರು ನೀರು ಏಕೆ ಇಳಿಯುತ್ತದೆ? ದೇಹಕ್ಕೆ ಬೇಕಾದ ನೀರು ತೂಕವನ್ನಲ್ಲ, ಅದು ವ್ಯಯಿಸುವ ಶಕ್ತಿಯನ್ನು ಅವಲಂಬಿಸಿದೆ. ಚಿಕ್ಕ ದೇಹ ಕಿಲೋ ಒಂದಕ್ಕೆ ಹೆಚ್ಚು ಶಕ್ತಿ ವ್ಯಯಿಸುತ್ತದೆ. ಪ್ರತಿ 100 ಕಿಲೋಕ್ಯಾಲೊರಿಗೆ ಚರ್ಮ ಮತ್ತು ಉಸಿರಿನಿಂದ ಸುಮಾರು 50 ಮಿಲಿಲೀಟರ್, ಮೂತ್ರದಿಂದ 67 ಮಿಲಿಲೀಟರ್ ನೀರು ಹೊರಹೋಗುತ್ತದೆ. ಆಹಾರದ ದಹನದಿಂದ ದೇಹದೊಳಗೇ 17ರಷ್ಟು ಹುಟ್ಟುತ್ತದೆ. ಕೂಡಿ ಕಳೆದರೆ ಉಳಿಯುವುದು 100. ತೂಕ ಇಲ್ಲಿ ಶಕ್ತಿಯನ್ನು ಅಳೆಯುವ ಸುಲಭದ ದಾರಿ ಅಷ್ಟೇ.

ತೊಡಕು ಇದ್ದದ್ದು ನೀರಿನಲ್ಲಲ್ಲ, ಉಪ್ಪಿನಲ್ಲಿ. ಇದು ಟೀವಿಯಲ್ಲಿ ತೋರಿಸಲಾಗದ ಸಂಗತಿ. ಕ್ಯಾಮೆರಾಕ್ಕೆ ಎರಡು ಬಾಟಲಿಯೂ ಒಂದೇ. ತಾಯಿಯ ಹಾಲು, ಹಸುವಿನ ಹಾಲುಗಳಲ್ಲಿರುವ ಸೋಡಿಯಂ ಆಧರಿಸಿ ಆ ವೈದ್ಯರು ಸೂಚಿಸಿದ ಪ್ರಮಾಣ, ಲೀಟರಿಗೆ 9 ಗ್ರಾಂ ಉಪ್ಪಿರುವ ಸಾಮಾನ್ಯ ಸಲೈನ್‌ನ ಸುಮಾರು ಐದನೇ ಒಂದು ಭಾಗ. ಆರೋಗ್ಯವಂತ ಮಗುವಿನ ಮೂತ್ರಪಿಂಡ ಹೆಚ್ಚಾದ ನೀರನ್ನು ಹೊರಹಾಕಿಬಿಡುತ್ತದೆ. ಆದರೆ ನೋವು, ವಾಂತಿ, ಶಸ್ತ್ರಚಿಕಿತ್ಸೆ, ನ್ಯುಮೋನಿಯಾ ಇವುಗಳಲ್ಲಿ ನೀರನ್ನು ತಡೆಹಿಡಿಯುವ ಹಾರ್ಮೋನು ಹೆಚ್ಚು ಸ್ರವಿಸುತ್ತದೆ. ನೀರು ಒಳಗೇ ಉಳಿದು ರಕ್ತದ ಸೋಡಿಯಂ ತೆಳುವಾಗುತ್ತದೆ. ಪರಾಸರಣದಿಂದ ನೀರು ಜೀವಕೋಶಗಳಿಗೆ ನುಗ್ಗುತ್ತದೆ. ಸ್ನಾಯು ಊದಿದರೆ ಜಾಗವುಂಟು, ತಲೆಬುರುಡೆಯೊಳಗಿನ ಮಿದುಳಿಗೆ ಎಲ್ಲಿದೆ? ಮಕ್ಕಳಿಗೆ ಸೆಳವು ಬಂದಿದೆ, ಜೀವಗಳೂ ಹೋಗಿವೆ.

2018ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, 28 ದಿನ ತುಂಬಿದವರಿಂದ 18 ವರ್ಷದವರೆಗೆ, ಕೆಲವು ವಿಶೇಷ ಕಾಯಿಲೆಗಳನ್ನು ಬಿಟ್ಟು, ರಕ್ತದಷ್ಟೇ ಸೋಡಿಯಂ ಇರುವ ದ್ರವವನ್ನು ಸೂಕ್ತ ಗ್ಲೂಕೋಸ್, ಪೊಟ್ಯಾಸಿಯಂಗಳೊಂದಿಗೆ ಕೊಡಬೇಕೆಂದು ಹೇಳಿತು. ನೀರಿನ ಸೂತ್ರ ಉಳಿಯಿತು. ಆದರೂ ಅದು ಆರಂಭದ ಅಂದಾಜು ಮಾತ್ರ. ಭೇದಿಯಲ್ಲಿ ಕಳೆದದ್ದನ್ನು ಬೇರೆಯಾಗಿ ತುಂಬಬೇಕು; ಹಾರ್ಮೋನು ನೀರನ್ನು ಹಿಡಿದಿಟ್ಟಿರುವಾಗ ಕಡಿಮೆ ಕೊಡಬೇಕು. ಅದಕ್ಕೇ ವೈದ್ಯರು ಮಗುವನ್ನು ಮತ್ತೆ ಮತ್ತೆ ತೂಗಿಸಿ, ಮೂತ್ರ ಅಳೆಸಿ, ರಕ್ತದ ಸೋಡಿಯಂ ನೋಡಿ ಹನಿಗಳ ಲೆಕ್ಕವನ್ನು ತಿದ್ದುತ್ತಾರೆ.